ಒಂದು ಹನಿಯೂ ಸೋರದ ಪೈಪು

ಮಹಾಂತಯ್ಯನಿಗೆ ಸಿಟ್ಟು ಬಂದದ್ದನ್ನು ಹನ್ನೊಂದು ವರ್ಷದಲ್ಲಿ ನಾವ್ಯಾರೂ ನೋಡಿರಲಿಲ್ಲ.

ಹೊಳೆದಂಡೆಯ ನಮ್ಮ ಸಣ್ಣ ಆಶ್ರಮದಲ್ಲಿ ಆತ ಹಿರಿಯ ಶಿಷ್ಯ. ಗುರುಗಳನ್ನು ನಾವು ಅಜ್ಜಾರು ಅನ್ನುತ್ತಿದ್ದೆವು. ಅಡುಗೆಮನೆ ನನ್ನದು. ನಾನು ದಿನಕ್ಕೆ ನಾಲ್ಕು ಸಲ ಸಿಟ್ಟಾಗಿ ಐದನೇ ಸಲಕ್ಕೆ ನಕ್ಕುಬಿಡುವವಳು. ಹಾಗಾಗಿ ಮಹಾಂತಯ್ಯನ ಮೇಲೆ ನನಗೆ ಗೌರವವೂ ಇತ್ತು, ಸುಳ್ಳು ಯಾಕೆ ಹೇಳಲಿ, ಒಂಚೂರು ಹೊಟ್ಟೆಕಿಚ್ಚೂ ಇತ್ತು.

ಆಶ್ರಮಕ್ಕೆ ಭಕ್ತರೊಬ್ಬರು ತಮ್ಮ ಹಳೆಯ ಕ್ಯಾರವಾನ್ ಕೊಟ್ಟಿದ್ದರು. ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆಯಂಥ ಗಾಡಿ ಅದು. ಒಳಗೆ ಎರಡು ಮಂಚ, ಒಂದು ಒಲೆ, ಕೈ ತೊಳೆಯಲು ಒಂದು ನಲ್ಲಿ. ನಾವು ಅದಕ್ಕೆ ಮನೆಗಾಡಿ ಅಂತಲೇ ಹೆಸರಿಟ್ಟಿದ್ದೆವು.

ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಅಜ್ಜಾರು ಅದರಲ್ಲಿ ಹೊಳೆಯ ಮೇಲಿನ ಹಳ್ಳಿಗಳಿಗೆ ಹೋಗಿ, ಎರಡು ತಿಂಗಳು ಜನರ ನಡುವೆ ಇದ್ದು ಬರುತ್ತಿದ್ದರು. ಜೀಪು ಓಡಿಸುವವನು ಫಕೀರಪ್ಪ. ಬೇರೆ ಯಾರಿಗೂ ಓಡಿಸಲು ಬರುತ್ತಿರಲಿಲ್ಲ.

ಈ ವರ್ಷ ಅಜ್ಜಾರ ಮೊಣಕಾಲು ಕೈಕೊಟ್ಟವು. ಅವರ ಬದಲು ಮಹಾಂತಯ್ಯ ಹೋಗುತ್ತಾನೆ ಅಂತ ನಾವೆಲ್ಲ ತಿಳಿದಿದ್ದೆವು. ಆತನೂ ಹಾಗೇ ತಿಳಿದು ಎರಡು ಜೊತೆ ಬಟ್ಟೆ ಮಡಿಸಿಟ್ಟುಕೊಂಡಿದ್ದ. ಆ ಒಂದು ಕೆಲಸಕ್ಕಾಗಿ ಆತ ಹನ್ನೊಂದು ವರ್ಷ ಕಾದಿದ್ದ.

ಫಕೀರಪ್ಪ ಅಡ್ಡ ನಿಂತ. ಈತನ ಜೊತೆ ಎರಡು ತಿಂಗಳು ಒಂದೇ ಗಾಡಿಯಲ್ಲಿ ಇರುವುದು ತನ್ನಿಂದಾಗದು ಅಂದ. ಅಜ್ಜಾರು ಯಾಕೆ ಅಂತ ಕೇಳಿದರು.

“ಬೈಯಲಿ, ತಡಕೋತೀನಿ. ಆತ ಬೈಯಂಗಿಲ್ಲರೀ ಅಜ್ಜಾರ, ನಗತಾನ. ಆ ನಗಿ ನೋಡಿದ್ರ ನನಗ ಹೆದರಿಕಿ ಬರತೈತಿ.”

ಅಜ್ಜಾರು ನೋಡೋಣ ಅಂದರು. ಅವತ್ತು ಗುರುವಾರ. ಗಾಡಿ ಹೊರಡಬೇಕಾದದ್ದು ಸೋಮವಾರ.

ಸುದ್ದಿ ಕೇಳಿ ಮಹಾಂತಯ್ಯ ಅಜ್ಜಾರ ಹತ್ತಿರ ಬಂದ. ನಾನಾಗ ಅಂಬಲಿ ಕೊಡುತ್ತಿದ್ದೆ. ಆತನ ಮುಖ ಎಂದಿನಂತೆ ಶಾಂತವಾಗಿತ್ತು.

“ನನ್ನ ಬಾಯಿಂದ ಒಂದ್ ಬಿರುಸು ಮಾತು ಬಿದ್ದದ್ದು ಕೇಳಿದವರು ಯಾರರ ಇದ್ರ ಬರಲಿ. ನನ್ನಾಗ ಏನ್ ಕುಂದು ಐತಿ, ನೀವ ಹೇಳ್ರಿ ಅಜ್ಜಾರ.”

ಅಜ್ಜಾರು ಅಂಬಲಿ ಪೂರ್ತಿ ಕುಡಿದು ಬಟ್ಟಲು ಕೆಳಗಿಟ್ಟರು.

“ಮನೆಗಾಡಿ ನಲ್ಲ್ಯಾಗ ನೀರು ಸರಿ ಬರವಲ್ದಂತ. ಮೊದಲ ಅದನ್ನ ನೋಡು. ಆಮ್ಯಾಲ ಹೇಳತೀನಿ.”

ಗಾಡಿಯ ನೀರಿನ ವ್ಯವಸ್ಥೆ ಏನು ದೊಡ್ಡದಲ್ಲ. ಹೊರಗೆ ನೆಲದ ಮೇಲೆ ಕುಡಿಯುವ ನೀರಿನ ನೀಲಿ ಡ್ರಮ್ಮು. ಡ್ರಮ್ಮಿನಿಂದ ಗಾಡಿಗೆ ಒಂದು ಪೈಪು. ಗಾಡಿಯೊಳಗೆ ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಪಂಪು. ನಲ್ಲಿ ತಿರುಗಿಸಿದರೆ ಪಂಪು ಗುಂಯ್ ಅಂತ ಎದ್ದು ನೀರು ಎಳೆದುಕೊಳ್ಳುತ್ತದೆ. ಈಗ ಪಂಪು ಗುಂಯ್ ಅನ್ನುತ್ತಿತ್ತು, ನಲ್ಲಿ ಕೆಮ್ಮುತ್ತಿತ್ತು. ಒಂದು ಗುಟುಕು ನೀರು ಬಂದರೆ ಎರಡು ಗುಟುಕು ಗಾಳಿ ಬರುತ್ತಿತ್ತು.

ಮಹಾಂತಯ್ಯ ಡ್ರಮ್ಮು ಖಾಲಿ ಮಾಡಿ, ತಿಕ್ಕಿ ತೊಳೆದು, ಮತ್ತೆ ತುಂಬಿದ. ಪೈಪಿನ ತುದಿಯ ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದ. ನಲ್ಲಿ ಕೆಮ್ಮಿತು.

ಮರುದಿನ ಜೀಪಿನ ಬ್ಯಾಟರಿ ತಂದು ಜೋಡಿಸಿ ನೋಡಿದ. ನಲ್ಲಿ ಬಿಚ್ಚಿ ಹೊಸ ವಾಷರ್ ಹಾಕಿದ. ಆಗಲೂ ಕೆಮ್ಮಿತು.

ಶನಿವಾರ ಪೈಪಿನ ಸರದಿ. ಇದ್ದಷ್ಟು ಉದ್ದ ಒಣಬಟ್ಟೆಯಲ್ಲಿ ಒರೆಸಿ, ಕೆಳಗೆ ಹಳೆಯ ಪೇಪರು ಹಾಸಿದ. ನನ್ನನ್ನು ಒಳಗೆ ನಲ್ಲಿ ತಿರುಗಿಸಿ ಹಿಡಿದುಕೊಂಡಿರಲು ಹೇಳಿ, ತಾನು ಮಂಡಿಯೂರಿ ಪೈಪಿನ ಮೇಲೆ ಅಂಗೈ ಆಡಿಸುತ್ತ ಹೋದ. ಪೇಪರು ಹಾಕಿದಂತೆಯೇ ಗರಿಗರಿಯಾಗಿ ಉಳಿಯಿತು. ಎತ್ತಿ ನನಗೂ ತೋರಿಸಿದ. ಒಂದು ಹನಿ ಇಲ್ಲ ನೋಡು ನೀಲವ್ವಾ ಅಂದ.

ಫಕೀರಪ್ಪ ಬೇವಿನ ಮರದ ಕೆಳಗೆ ಕೂತು, ಕೇಳದಿದ್ದರೂ ಸಲಹೆ ಕೊಡುತ್ತಿದ್ದ. ಮೂರು ದಿನದಿಂದ ಪೈಪಿಗೆ ಪೂಜೆ ನಡೆದಿದೆ, ಪ್ರಸಾದ ಯಾವಾಗ ಅಂತ ನನ್ನನ್ನು ಕೇಳಿದ. ನನಗೆ ನಗು ತಡೆಯಲಾಗಲಿಲ್ಲ.

ಮಹಾಂತಯ್ಯನೂ ನಕ್ಕ. ಆಮೇಲೆ ತಿರುಗಿ, ಪೈಪಿನ ಎರಡು ತುಂಡು ಕೂಡುವಲ್ಲಿ ಕಟ್ಟಿದ್ದ ತಂತಿಯನ್ನು ಇಕ್ಕಳದಿಂದ ಹಿಡಿದು ಇನ್ನೊಂದು ಸುತ್ತು ಬಿಗಿದ. ಆ ನಗುವನ್ನು ಅವತ್ತೇ ನಾನು ಹತ್ತಿರದಿಂದ ನೋಡಿದ್ದು. ಫಕೀರಪ್ಪ ಹೇಳಿದ್ದು ಸುಳ್ಳಲ್ಲ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಅಜ್ಜಾರು ಕೋಲೂರಿಕೊಂಡು ಬಂದು ಗಾಡಿಯ ಪಕ್ಕದ ಕಲ್ಲಿನ ಮೇಲೆ ಕೂತರು.

“ಏನ್ ಹುಡುಕಾಕತ್ತಿ ಮಹಾಂತಯ್ಯಾ?”

“ಎಲ್ಲಿ ಸೋರತೈತಿ ಅಂತ ನೋಡಾಕತ್ತೀನ್ರಿ.”

“ಸಿಕ್ತೇನು?”

“ಎಲ್ಲೂ ಸೋರವಲ್ದರಿ. ಪೈಪು ಗಟ್ಟಿ ಐತಿ.”

“ಈ ಪೈಪಿನಾಗ ನೀರನ್ನ ಯಾರು ನೂಕತಾರ?”

“ಯಾರೂ ನೂಕಂಗಿಲ್ಲರಿ. ಪಂಪು ಎಳಕೋತೈತಿ.”

“ನೂಕೋ ಪೈಪಿಗೆ ತೂತು ಬಿದ್ರ ನೀರು ಹೊರಗ ಬರತೈತಿ. ಎಳಕೊಳ್ಳೋ ಪೈಪಿಗೆ ಬಿದ್ರ?”

ಮಹಾಂತಯ್ಯ ಪೈಪಿನ ಕಡೆ ತಿರುಗಿದ.

ಅಜ್ಜಾರು ನನಗೆ ಬಟ್ಟೆ ಸೋಪಿನ ನೊರೆ ಮಾಡಿ ತರಲು ಹೇಳಿದರು. ಬಟ್ಟಲ ತುಂಬ ತಂದೆ. ನಲ್ಲಿ ಬಿಟ್ಟು, ಪಂಪು ನಡೆಯುತ್ತಿರುವಾಗಲೇ, ಅಜ್ಜಾರು ಡ್ರಮ್ಮಿನ ಕಡೆಯಿಂದ ಪೈಪಿಗೆ ಬೆರಳಲ್ಲಿ ನೊರೆ ಹಚ್ಚುತ್ತ ಬಂದರು. ಹಚ್ಚಿದ ನೊರೆ ಹಚ್ಚಿದಲ್ಲೇ ಕೂತಿತ್ತು.

ತಂತಿ ಕಟ್ಟಿದ ಜಾಗಕ್ಕೆ ಬಂದಾಗ ನೊರೆ ಸುರಕ್ಕನೆ ಒಳಗೆ ಹೋಯಿತು. ಮತ್ತೆ ಹಚ್ಚಿದರು. ಅದೂ ಹೋಯಿತು.

ಮಹಾಂತಯ್ಯ ತಂತಿ ಬಿಚ್ಚಿದ. ಕೆಳಗೆ ಪೈಪು ಉಗುರಿನಿಂದ ಗೀರಿದಷ್ಟು ಸೀಳಿತ್ತು. ಪಂಪು ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತಿತ್ತು.

“ಯಾರು ಕಟ್ಟಿದ್ದು?” ಅಜ್ಜಾರು ಕೇಳಿದರು.

“ನಾನ ರೀ. ಸೋರಬಾರದಂತ.”

“ಎಷ್ಟು ಬಿಗಿದಿದ್ದಿ?”

“ಸಡಿಲಾತೇನೋ ಅನಿಸಿದಾಗೆಲ್ಲ ಒಂದೊಂದ ಸುತ್ತು.”

ಅಜ್ಜಾರು ಬೆರಳಿನ ನೊರೆಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ, ಹವಾ ಹೇಗಿದೆ ಅಂತ ಕೇಳುವ ಧಾಟಿಯಲ್ಲಿ, ಫಕೀರಪ್ಪ ನಿನಗೆ ಯಾವಾಗಲಾದರೂ ಏನಾದರೂ ಅಂದಿದ್ದನೇ ಅಂತ ಕೇಳಿದರು.

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು.

“ಹೋದ ವರ್ಷ ಕಾರಹುಣ್ಣಿಮಿ ಮರುದಿನ ರೀ. ನಾ ಪ್ರವಚನ ಹೇಳಾಕತ್ತಾಗ ದೊಡ್ಡದಾಗಿ ಆಕಳಿಸಿ, ಊಟಕ್ಕ ಏಳ್ರಿ ಅಂದ. ಮೂವತ್ತೆರಡು ಮಂದಿ ಇದ್ರು. ಹನ್ನೆರಡು ಮಂದಿ ನಕ್ರು.”

ಅಲ್ಲಿಗೆ ನಿಲ್ಲಲಿಲ್ಲ. ಅದಕ್ಕೂ ಹಿಂದಿನ ದಸರೆಯದು ಬಂತು. ಅದಕ್ಕೂ ಹಿಂದೆ ಹೊಳೆ ದಾಟುವಾಗ ಆಡಿದ ಮಾತು ಬಂತು. ಯಾವ ದಿನ, ಯಾವ ಜಾಗ, ಯಾರು ಎಲ್ಲಿ ಕೂತಿದ್ದರು, ಯಾರು ನಕ್ಕರು, ಎಲ್ಲ ಬಂತು.

ನಕ್ಕವರ ಹೆಸರು ಹೇಳುತ್ತ ಹೋದವನು ನನ್ನ ಹೆಸರನ್ನೂ ಹೇಳಿದ. ನಾನು ಅಲ್ಲೇ ಬಟ್ಟಲು ಹಿಡಿದು ನಿಂತಿದ್ದೆ. ನಿನ್ನೆ ರಾತ್ರಿಯೂ ನನ್ನ ಕೈಯ ಪಲ್ಯ ಉಂಡು, ಚಲೋ ಆಗೇತಿ ನೀಲವ್ವಾ ಅಂದಿದ್ದ ಮನುಷ್ಯ ಇವನು. ನಾನು ನಕ್ಕದ್ದು ನನಗೇ ನೆನಪಿರಲಿಲ್ಲ.

ನನ್ನ ಮುಖ ನೋಡಿ ಮಹಾಂತಯ್ಯ ನಿಲ್ಲಿಸಿದ. ತಾನು ಆಡಿದ್ದು ತನಗೇ ಆಗ ಕೇಳಿಸಿತೇನೋ, ಆತನ ದನಿ ಸಣ್ಣದಾಯಿತು.

“ಆದ್ರ ಅಜ್ಜಾರ, ಇದರಾಗ ಒಂದ್ ಮಾತೂ ನಾ ಹೊರಗ ಹಾಕಿರಲಿಲ್ಲ.”

“ಪೈಪೂ ಒಂದ್ ಹನಿ ಹೊರಗ ಹಾಕಿರಲಿಲ್ಲ,” ಅಂದು ಅಜ್ಜಾರು ಎದ್ದು ಹೋದರು.

ಮಹಾಂತಯ್ಯ ಗಾಡಿಯೊಳಗೆ ಹೋಗಿ ಚಾಕು ತಂದ. ಆಮೇಲೆ ಸೀಳಿದ ಭಾಗ ಕೊಯ್ದು ತೆಗೆದು, ಪೈಪು ಮತ್ತೆ ಕೂಡಿಸಿ, ತಂತಿಯನ್ನು ಎರಡೇ ಸುತ್ತು ಸುತ್ತಿದ. ನಲ್ಲಿ ತಿರುಗಿಸಿದೆವು. ನೀರು ಸಲೀಸಾಗಿ, ಒಂದೇ ಸಮನೆ ಬಿತ್ತು. ಆತ ಅದನ್ನು ಸರಿಯಾಗಿ ನೋಡಲೂ ಇಲ್ಲ. ನನ್ನ ಕಡೆಯೂ ನೋಡದೆ, ಕೊಯ್ದ ತುಂಡು ಕೈಯಲ್ಲಿ ಹಿಡಿದುಕೊಂಡೇ ಬೇವಿನ ಮರದ ಕಡೆ ನಡೆದ.

ನಾನು ಅಡುಗೆಮನೆಗೆ ಬಂದು ಒಲೆಗೆ ಪಾತ್ರೆ ಇನ್ನೂ ಇಟ್ಟಿರಲಿಲ್ಲ, ಅಷ್ಟರಲ್ಲಿ ಹೊರಗೆ ಕೂಗಾಟ ಶುರುವಾಯಿತು. ಫಕೀರಪ್ಪನ ದನಿ ನನಗೆ ಗೊತ್ತು. ಇನ್ನೊಂದು ಯಾರದೆಂದು ಮೊದಲು ತಿಳಿಯಲೇ ಇಲ್ಲ. ಹೋಗಿ ನೋಡಿದರೆ ಮಹಾಂತಯ್ಯ. ಮುಖ ಕೆಂಪಾಗಿ, ಕೊರಳ ನರ ಉಬ್ಬಿ, ಅವತ್ತು ನೀನು ಆಕಳಿಸಿದ್ದು ನನ್ನ ಹೊಟ್ಟೆ ಸುಟ್ಟಿದೆ ಅಂತ ಕೂಗುತ್ತಿದ್ದ. ಕಣ್ಣಲ್ಲಿ ನೀರಿತ್ತು. ಫಕೀರಪ್ಪನೂ ಬಿಡಲಿಲ್ಲ. ಎರಡು ತಾಸು ಮಾತಾಡಿದರೆ ಆಕಳಿಕೆ ಬರದೆ ಇನ್ನೇನು ಬಂದೀತು ಅಂದ. ಮಹಾಂತಯ್ಯ ಕೈಯಲ್ಲಿದ್ದ ಪೈಪಿನ ತುಂಡನ್ನು ಹೊಳೆಯ ಕಡೆ ಬೀಸಿ ಎಸೆದ.

ಫಕೀರಪ್ಪನ ಮುಖದಲ್ಲಿ ಮಾತ್ರ ಹೆದರಿಕೆ ಕಾಣಲಿಲ್ಲ.

ಹನ್ನೊಂದು ವರ್ಷದ ಸಾಧನೆ ಹೊಳೆಯ ಪಾಲಾಯಿತು ಅಂದುಕೊಂಡು ಅಜ್ಜಾರ ಹತ್ತಿರ ಓಡಿದೆ. ನೋಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

“ನೀರು ಬಂತೇನು?”

“ಬಂತ್ರಿ.”

“ಫಕೀರಪ್ಪ ಎದ್ದು ಹೋದನೇನು?”

“ಇಲ್ರಿ, ಇಬ್ಬರೂ ಅಲ್ಲೇ ಕುಂತು ಜಗಳಾಡಾಕತ್ತಾರ. ನಾಳಿ ಇವರನ್ನ ಹೆಂಗ ಕಳಸೋದ್ರಿ ಅಜ್ಜಾರ?”

ಅಜ್ಜಾರು ಮೊಣಕಾಲು ನೀವಿಕೊಳ್ಳುತ್ತ ಆ ಕೂಗಾಟ ಕೇಳಿಸಿಕೊಂಡರು.

“ಮಹಾಂತಯ್ಯ ಈಗ ಹೊರಗ ಸೋರಾಕತ್ತಾನ. ಅದು ಕಣ್ಣಿಗೆ ಕಾಣತೈತಿ, ಒರಸಾಕ ಬರತೈತಿ. ಇಬ್ಬರಿಗೂ ಬುತ್ತಿ ಕಟ್ಟು.”