ಪಾಯಸದ ಪಂಪು

ಹೊಳೆದಂಡೆಯ ಮಠದಲ್ಲಿ ಹುಣ್ಣಿಮೆಯ ದಾಸೋಹದಂದು ಯಾರೂ ನಿರೀಕ್ಷಿಸದ ದುರಂತವೊಂದು ಸಂಭವಿಸಿತು. ಮೊದಲ ಪಂಕ್ತಿಗೆ ಬಡಿಸಿದ ಪಾಯಸದಲ್ಲಿ ಒಂದೇ ಒಂದು ಇಡೀ ಗೋಡಂಬಿ ಇರಲಿಲ್ಲ.

ಭಕ್ತರು ಎರಡನೇ ಸಲ ಪಾಯಸ ಕೇಳದೆ ಉಂಡು ಎದ್ದರು. ಅದೇ ಭಯಂಕರವಾಗಿತ್ತು.

ಕೊಪ್ಪರಿಗೆಯಿಂದ ಊಟದ ಮನೆಗೆ ಪಾಯಸ ಸಾಗಿಸುವ ಪಂಪು ಶಿಷ್ಯ ಸಿದ್ಧಮಲ್ಲನ ಸುಪರ್ದಿಯಲ್ಲಿತ್ತು. ಅಡುಗೆಮನೆ ತಪ್ಪಿದರೆ ಅವನಿಗೆ ಉಳಿದದ್ದು ಕೊಟ್ಟಿಗೆ. ಅಲ್ಲಿನ ಹೋರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಗುರುಗಳು ಬಂದರು. ಗುರುವಿಗೆ ಅಂಟಿಕೊಂಡಿದ್ದರೆ ಜ್ಞಾನ ಬೇಗ ಹತ್ತುತ್ತದೆಂದು ನಂಬಿದ್ದ ಸಿದ್ಧಮಲ್ಲ, ಎಂದಿನಂತೆ ಅವರ ಬೆನ್ನಿಗೇ ಬಂದು ನಿಂತ.

ಗುರುಗಳು ಪಂಪಿನ ಮುಚ್ಚಳ ಬಿಚ್ಚಿದರು. ಒಳಗೆ ಪಾಯಸ ತಳ್ಳಲು ತಿರುಗುವ, ಕಡಲೆಕಾಯಿಯಂತೆ ನಡು ಸಣ್ಣಗಿರುವ ಎರಡು ಉಕ್ಕಿನ ರೋಟರುಗಳು. ಎರಡಕ್ಕೂ ಸೈಕಲ್ ಟ್ಯೂಬಿನ ರಬ್ಬರು ಸುತ್ತಿತ್ತು.

“ಏನಪ್ಪಾ ಇದು?”

“ತೊಳೆಯುವಾಗ ನೋಡಿದೆ, ಬುದ್ಧೀ. ಇಷ್ಟು ವರ್ಷದಿಂದ ಜೊತೇಲಿದ್ದೂ ಒಂದನ್ನೊಂದು ಮುಟ್ಟೋದೇ ಇಲ್ಲ. ಮನಸ್ಸು ತಡೀಲಿಲ್ಲ, ಸೇರಿಸಿದೆ.”

“ಪಾಯಸ ಎಲ್ಲಿ ಹಾದು ಹೋಗುತ್ತೆ ಅಂದ್ಕೊಂಡೆ?”

“ಎರಡರ ಮಧ್ಯೆ, ಬುದ್ಧೀ. ಗಾಣದಲ್ಲಿ ಕಬ್ಬು ಹೋದ ಹಾಗೆ.”

“ಹೂಂ. ಅರೆದಿದ್ದೀಯ.”

ಗುರುಗಳು ರಬ್ಬರು ಕಿತ್ತರು. ಒಂದು ರೋಟರಿನ ಸಣ್ಣ ನಡುವಿನಲ್ಲಿ ಗೋಡಂಬಿಯೊಂದನ್ನು ಇಟ್ಟು ಕೈಯಿಂದ ತಿರುಗಿಸಿದರು. ಒಂದು ಬಲಕ್ಕೆ ತಿರುಗಿತು, ಇನ್ನೊಂದು ಎಡಕ್ಕೆ. ಗೋಡಂಬಿ ಮಧ್ಯಕ್ಕೆ ಹೋಗಲೇ ಇಲ್ಲ. ಹೊರಗೋಡೆಯ ಗುಂಟ ಸುತ್ತಿ ಆ ಕಡೆ ಇಡಿಯಾಗಿ ಬಿತ್ತು.

“ಮುಟ್ಟದೆ, ಢಿಕ್ಕಿಯನ್ನೂ ಹೊಡೆಯದೆ ಹೇಗೆ ತಿರುಗುತ್ತವೆ, ಬುದ್ಧೀ?”

ಗುರುಗಳು ಪಂಪಿನ ಹಿಂಬದಿಯ ಪೆಟ್ಟಿಗೆ ತೆರೆದರು. ಅಲ್ಲಿ, ಎಣ್ಣೆಯೊಳಗೆ, ಎರಡು ಹಲ್ಲುಚಕ್ರಗಳು ಹಲ್ಲಿಗೆ ಹಲ್ಲು ಕೊಟ್ಟು ನಿಂತಿದ್ದವು.

“ತಿಕ್ಕಾಟ ಏನಿದ್ದರೂ ಇಲ್ಲಿ. ಪಾಯಸದ ಮುಂದೆ ಮರ್ಯಾದೆ.”

ಸಿದ್ಧಮಲ್ಲನ ಕಣ್ಣು ತುಂಬಿತು. ಭಕ್ತಿಯಿಂದ ಇನ್ನೂ ಹತ್ತಿರ ಸರಿದ.

ಎರಡನೇ ಪಂಕ್ತಿ ಎಲೆ ಮುಂದೆ ಕೂತಾಗಿತ್ತು. ಗುರುಗಳು ಮುಚ್ಚಳ ಹಾಕಿ ಪಂಪು ಚಾಲೂ ಮಾಡಿದರು, ಊಟದ ಮನೆಯಿಂದ ಒಂದು ಸೌಟು ಪಾಯಸ ತರಿಸಿ ದಿಟ್ಟಿಸಿದರು.

“ನಾನು ಕೊಟ್ಟಿಗೆಗಾ, ಬುದ್ಧೀ?”

“ಗೋಡಂಬಿ ಇಡಿಯಾಗಿ ಬಂದಿದೆ. ನೀನು ಅಡುಗೆಮನೆಯಲ್ಲೇ ಇರು. ನನ್ನ ಕಾಲ ಮೇಲಿಂದ ಮಾತ್ರ ಇಳಿ.”