ಜಗಲಿಯ ಮೇಲೆ ಇಟ್ಟ ಕಲ್ಲು

ಹತ್ತಿರ ಬನ್ನಿ, ಕಾಲು ಮಡಚಿ ಕೂತುಕೊಳ್ಳಿ. ಏಳು ಹೊಳೆ ದಾಟಿದರೆ ಸಿಗುವ ಒಂದು ರಾಜ್ಯ. ಆ ರಾಜ್ಯದಲ್ಲಿ ಒಂದು ದೊಡ್ಡ ವಿದ್ಯಾಶಾಲೆ. ಅಲ್ಲಿ ಕಲಿಸುತ್ತಿದ್ದದ್ದು ಕಾವ್ಯವಲ್ಲ, ಜ್ಯೋತಿಷ್ಯವಲ್ಲ, ಮುರಿದ ಮೂಳೆ ಕಟ್ಟುವ ವಿದ್ಯೆ. ಮರದಿಂದ ಬಿದ್ದವರು, ಎತ್ತಿನಿಂದ ಹಾಯಿಸಿಕೊಂಡವರು, ಕುಡಿದು ಕುದುರೆ ಹತ್ತಿದ ಅರಮನೆಯ ಅಳಿಯಂದಿರು, ಎಲ್ಲರನ್ನೂ ಹೊತ್ತು ತರುತ್ತಿದ್ದದ್ದು ಅಲ್ಲಿಗೇ.

ಅಲ್ಲಿನ ಗುರುಗಳು ದೇವರಸಯ್ಯನವರು. ಬೆರಳಿನಿಂದ ಮುಟ್ಟಿದರೆ ಸಾಕು, ಚರ್ಮದ ಒಳಗೆ ಏನಾಗಿದೆ ಅಂತ ಹೇಳುತ್ತಿದ್ದರು. ಆದರೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಎದುರಿಗೆ ಬಂದವರು ಯಾರು ಅಂತ ತಿಳಿಯಲು ಹುಬ್ಬು ಗಂಟುಹಾಕಿ ನೋಡುತ್ತಿದ್ದರು. ಶಿಷ್ಯರು ಅದನ್ನೇ ಸಿಟ್ಟು ಅಂದುಕೊಂಡರು. ಅಂದುಕೊಂಡ ನಲವತ್ತು ಜನರಲ್ಲಿ ಒಬ್ಬರಾದರೂ ಹೋಗಿ ಕೇಳಿದರೇ? ಇಲ್ಲ. ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟಿಕೊಂಡರು, ಅಷ್ಟೆ.

ಆ ನಲವತ್ತರಲ್ಲಿ ಒಬ್ಬಳು ಸಂಕವ್ವ, ಕುಂಬಾರರ ಮಗಳು. ಅವಳು ಬಂದದ್ದು ಹೆಸರು ಮಾಡಲಿಕ್ಕಲ್ಲ. ಅವಳಿಗೊಬ್ಬಳು ತಂಗಿ ಇದ್ದಳು, ಹೊನ್ನಿ ಅಂತ. ಚಿಕ್ಕಂದಿನಲ್ಲಿ ಮಡಕೆ ಸುಡುವ ಆವಿಗೆಯ ದಿಬ್ಬದಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಊರಿನವರು ಹೇಗೆಂದರೆ ಹಾಗೆ ಕಟ್ಟಿದರು. ಮೂಳೆ ಸೊಟ್ಟಗೆ ಕೂಡಿಕೊಂಡಿತು. "ಮೂಳೆ ಬಲಿಯುವ ಮುಂಚೆ ನಾನು ಕಲಿತು ಬಂದು ನಿನ್ನ ಕಾಲು ನೆಟ್ಟಗೆ ಮಾಡ್ತೀನಿ" ಅಂತ ತಂಗಿಯ ತಲೆ ಮುಟ್ಟಿ ಹೇಳಿ ಬಂದಿದ್ದಳು. ಆಗ ಹೊನ್ನಿಗೆ ಹನ್ನೆರಡು ವರ್ಷ.

ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಗುರುಗಳು ಮೂಳೆ ಕಟ್ಟುವಾಗ ಯಾರೂ ಬಾಯಿ ಬಿಡುವಂತಿಲ್ಲ, ಕೈ ತಪ್ಪೀತು ಅಂತ. ಸಂದೇಹ ಬಂದವರು ಬೆಳಿಗ್ಗೆ ಎದ್ದು ಗುರುಗಳ ಜಗಲಿಯ ಮೇಲೆ ಒಂದು ಕಲ್ಲು ಇಡಬೇಕು. ಗುರುಗಳು ಸ್ನಾನ ಮುಗಿಸಿ ಬಂದು ಜಗಲಿ ತಡವಿ, "ಈ ಕಲ್ಲು ಯಾರದು?" ಅಂತ ಕರೆಯುತ್ತಾರೆ. ಇಟ್ಟವರು ಹೋಗಿ ಕೇಳಬೇಕು. ಎಷ್ಟು ಚೆಂದದ ಪದ್ಧತಿ! ಆದರೆ ಜಗಲಿ ಗುಡಿಸುವವನು ಒಬ್ಬ ಇದ್ದನಲ್ಲ, ಅಲ್ಲೇ ಕೆಟ್ಟದ್ದು.

ಅವನು ಹಿರಿಯ ಶಿಷ್ಯ ಮುದ್ದಯ್ಯ. ಹತ್ತು ವರ್ಷದಿಂದ ಅಲ್ಲೇ ಬಿದ್ದುಕೊಂಡಿದ್ದ. ಮುಖ ನೋಡಿದರೆ ತುಪ್ಪ ಸವರಿದ ಹೋಳಿಗೆ. ಕಲಿತದ್ದು ಮಾತ್ರ ಅಷ್ಟಕ್ಕಷ್ಟೆ. ಗುರುಗಳಿಗೆ ಅರಮನೆಯಿಂದ ಬಂದ ಬಾದಾಮಿ ಅರ್ಧ ಇವನ ಹೊಟ್ಟೆಗೆ, ಗುರುಗಳ ಹಳೆಯ ಶಾಲು ಇವನ ಹೆಗಲಿಗೆ. ಅಡುಗೆಮನೆಯ ಗಂಗಕ್ಕ ಇವನ ಎಲೆಗೆ ಮಾತ್ರ ಯಾಕೆ ಎರಡು ಸಲ ಪಾಯಸ ಬಡಿಸುತ್ತಿದ್ದಳು ಅನ್ನುವುದು ಬೇರೆ ಕಥೆ, ಚಿಕ್ಕವರ ಮುಂದೆ ಬೇಡ. ಗುರುಗಳ ನಂತರ ಗುರುಪೀಠ ತನಗೇ ಬರಬೇಕು ಅನ್ನುವುದೊಂದೇ ಅವನ ಆಸೆ. ಮಿಕ್ಕವರು ಕೇಳಿ ಕೇಳಿ ಕಲಿತುಬಿಟ್ಟರೆ ಇವನ ಪೊಳ್ಳು ಬಯಲಾಗುವುದಿಲ್ಲವೇ?

ಸಂಕವ್ವ ಬಂದ ವರ್ಷ, ಆಷಾಢದಲ್ಲಿ, ಮೊದಲನೇ ಸಲ ಕಲ್ಲು ಇಟ್ಟಳು. ಊರಿನ ಹಳ್ಳದಿಂದ ತಂದ ಕಪ್ಪು ಕಲ್ಲು, ಮಧ್ಯೆ ಬಿಳೀ ಗೆರೆ. ಸೊಟ್ಟಗೆ ಕೂಡಿದ ಮೂಳೆಯನ್ನು ನೆಟ್ಟಗೆ ಮಾಡುವುದು ಹೇಗೆ ಅನ್ನುವುದೇ ಅವಳ ಸಂದೇಹ. ಗುರುಗಳು ಬಂದರು, ಜಗಲಿ ತಡವಿದರು, ಒಳಗೆ ಹೋದರು. ಕರೆಯಲಿಲ್ಲ.

ಮುದ್ದಯ್ಯ ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ನಿನ್ನ ಕಲ್ಲು ಸ್ನಾನಕ್ಕೆ ಮುಂಚೆಯೇ ಕಿಟಕಿಯಿಂದ ನೋಡಿದರು ಕಣೇ. ಸಿಟ್ಟಲ್ಲಿ ಎತ್ತಿ ಎಸೆದರು. 'ಮಡಕೆ ಮಾಡೋರ ಹುಡುಗಿಗೆ ಇಷ್ಟು ಬೇಗ ಸಂದೇಹವೇ?' ಅಂದರು. ನೀನಂತೂ ಯಾರಿಗೂ ಹೇಳಬೇಡ, ಮಾನ ಹೋಗುತ್ತೆ."

ಸಂಕವ್ವ ಯಾರಿಗೂ ಹೇಳಲಿಲ್ಲ. ಮಾನ ದೊಡ್ಡದಲ್ಲವೇ.

ಮರುವರ್ಷ ಎರಡನೇ ಸಲ ಪ್ರಯತ್ನ ಮಾಡಿದಳು. ಈ ಸಲ ಕಲ್ಲು ಇಡುವ ಬದಲು ಮುದ್ದಯ್ಯನ ಕೈಯಲ್ಲೇ ಮಾತು ಕಳಿಸಿದಳು. "ಅಣ್ಣಾ, ಗುರುಗಳ ಪಾದಕ್ಕೆ ಬಿದ್ದೆ ಅಂತ ಹೇಳಿ. ಅವರು ಸೂರ್ಯ, ನಾನು ಹುಳ ಅಂತ ಹೇಳಿ. ಅವರ ಆರೋಗ್ಯ ಹೇಗಿದೆ ಅಂತ ಕೇಳಿ. ಆಮೇಲೆ, ಅವರಿಗೆ ಬೇಜಾರಿಲ್ಲದಿದ್ದರೆ, ಪುರುಸೊತ್ತಿದ್ದರೆ, ಒಂದು ವಿಷಯ ಇತ್ತು ಅಂತ ಹೇಳಿ." ವಿಷಯ ಏನು ಅಂತ ಹೇಳುವುದೇ ಮರೆತಳು ನೋಡಿ! ಮುದ್ದಯ್ಯನಿಗಂತೂ ನೆನಪಿಸುವ ಮನಸ್ಸಿರಲಿಲ್ಲ. ಅವನು ಒಳಗೆ ಹೋದ, ಗುರುಗಳ ಕಾಲು ಒತ್ತಿದ, ಮೆಲ್ಲಗೆ ಅಂದ, "ಗುರುಗಳೇ, ಮಕ್ಕಳಿಗೆ ಸಂದೇಹವೇ ಇಲ್ಲವಂತೆ. ನಮಗೆ ಎಲ್ಲಾ ಬಂತು, ಮುದುಕರಿಗೆ ಕೈ ಬೇರೆ ನಡುಗುತ್ತೆ ಅಂತ ನಗ್ತಾರೆ."

ಅವತ್ತಿನಿಂದ ಪಾಠದಲ್ಲಿ ಗುರುಗಳ ಮಾತು ಕಡಿಮೆಯಾಯಿತು. ಪಾಠ ಮುಗಿದ ಮೇಲೆ ಹೊರಗೆ ಕೂರುವುದೂ ನಿಂತಿತು. ಶಿಷ್ಯರು, "ನೋಡಿ, ಜಂಬ" ಅಂದರು.

ಮೂರನೇ ವರ್ಷದಲ್ಲಿ ಮೂರನೇ ಸಲ. ಒಂದು ಮಧ್ಯಾಹ್ನ ಅಂಗಳದಲ್ಲಿ ಸಂಕವ್ವನೂ ಗುರುಗಳೂ ಎದುರುಬದುರಾದರು. ಮುದ್ದಯ್ಯ ಇರಲಿಲ್ಲ, ಒಂದು ನರಪಿಳ್ಳೆಯೂ ಇರಲಿಲ್ಲ. ಗುರುಗಳು ನಿಂತರು, ಹುಬ್ಬು ಗಂಟುಹಾಕಿ ನೋಡಿದರು.

"ಯಾರು? ಸಂಕವ್ವನೇನಮ್ಮಾ? ಏನಾದರೂ ಬೇಕಿತ್ತೇ?"

ಹೇಳಬೇಕಾದದ್ದು ಒಂದೇ ಮಾತು. ತಂಗಿಯ ಕಾಲು.

"ಏನಿಲ್ಲ ಗುರುಗಳೇ" ಅಂದಳು ಸಂಕವ್ವ.

ಗುರುಗಳು ಇನ್ನೂ ಒಂದು ಗಳಿಗೆ ನಿಂತಿದ್ದರು. ಆಮೇಲೆ ಗೋಡೆ ಹಿಡಿದುಕೊಂಡು ಹೋದರು. ಸಂಕವ್ವ ಕಂಬಕ್ಕೆ ತಲೆ ಒರಗಿಸಿ ತನ್ನ ಬಾಯಿಗೆ ತಾನೇ ಶಾಪ ಹಾಕಿದಳು.

ಆ ಮಳೆಗಾಲ ಕಳೆಯುವಷ್ಟರಲ್ಲಿ ಗುರುಗಳು ಹಾಸಿಗೆ ಹಿಡಿದರು. ನಾಳೆ ಬೆಳಿಗ್ಗೆ ರಾಜರೇ ಬಂದು ಮುದ್ದಯ್ಯನಿಗೆ ಗುರುಪೀಠದ ಶಾಲು ಹೊದಿಸುತ್ತಾರೆ ಅಂತ ಸುದ್ದಿ ಬಂತು. ಮುದ್ದಯ್ಯ ಆಗಲೇ ಮೀಸೆಗೆ ಎಣ್ಣೆ ಹಚ್ಚಿಕೊಂಡು ಓಡಾಡುತ್ತಿದ್ದ.

ಅವತ್ತು ಸಂಕವ್ವ, ಮೂಳೆ ಕಟ್ಟುವ ಅಭ್ಯಾಸಕ್ಕೆ ಒಡೆದು ಜೋಡಿಸುವ ಮಡಕೆಗೆ ಮಣ್ಣು ತರಲು ಹಿತ್ತಲಿನ ಬೇಲಿಯಾಚೆ ಹೋದಳು. ಅಗೆದಳು. ಕೈಗೆ ಮಣ್ಣು ಸಿಗಲಿಲ್ಲ, ಕಲ್ಲು ಸಿಕ್ಕಿತು. ಇನ್ನೊಂದು, ಮತ್ತೊಂದು. ಗುಂಡಿ ತುಂಬ ಕಲ್ಲು! ಅದರೊಳಗೆ ಒಂದು ಕಪ್ಪು ಕಲ್ಲು, ಮಧ್ಯೆ ಬಿಳೀ ಗೆರೆ.

ಸಂಕವ್ವ ಕುಕ್ಕರಗಾಲಲ್ಲೇ ಕೂತುಬಿಟ್ಟಳು. ಜಗಲಿಯಿಂದ ಇಲ್ಲಿಗೆ ನೂರು ಹೆಜ್ಜೆ. ಗೋಡೆ ಹಿಡಿದು ನಡೆಯುವ ಮುದುಕರು ಇಷ್ಟು ದೂರ ಎಸೆದರೇ? ಒಂದೇ ಗುಂಡಿಗೆ ಬೀಳುವ ಹಾಗೆ ಎಸೆದರೇ? ಮೂರು ವರ್ಷ ಎಸೆದರೇ?

ಎದ್ದಳು. ಕೈಯ ಮಣ್ಣು ಕೂಡ ತೊಳೆಯಲಿಲ್ಲ. ಅಂಗಳ ದಾಟಿದಳು, ಜಗಲಿ ಹತ್ತಿದಳು, ನೆಟ್ಟಗೆ ಗುರುಗಳ ಕೋಣೆಗೆ ನುಗ್ಗಿದಳು.

"ಗುರುಗಳೇ, ನಾನು ಸಂಕವ್ವ. ನನ್ನ ತಂಗಿಯ ಕಾಲು ಸೊಟ್ಟಗೆ ಕೂಡಿದೆ. ಅದನ್ನು ನೆಟ್ಟಗೆ ಮಾಡುವುದು ನನಗೆ ತಿಳಿದಿಲ್ಲ. ಕಲಿಸಿಕೊಡಿ."

ಗುರುಗಳು ಕಣ್ಣು ಬಿಟ್ಟರು. "ಮೂರು ವರ್ಷ ಆಯಿತಮ್ಮಾ ಒಬ್ಬರು ಹೀಗೆ ಬಂದು ಕೇಳಿ. ಪ್ರತಿ ದಿನ ಜಗಲಿ ತಡವಿದೆ. ಒಂದು ಕಲ್ಲೂ ಸಿಗಲಿಲ್ಲ. ನಿಮಗೆಲ್ಲ ನಾನು ಬೇಡವಾದೆ ಅಂದುಕೊಂಡೆ."

ಸಂಕವ್ವ ಆ ಕಪ್ಪು ಕಲ್ಲನ್ನು ಅವರ ಅಂಗೈಯಲ್ಲಿ ಇಟ್ಟಳು. "ಇದು ನನ್ನದು. ಬಂದ ವರ್ಷದ ಆಷಾಢದ್ದು. ಹಿತ್ತಲ ಗುಂಡಿಯಲ್ಲಿ ಇಂಥವು ರಾಶಿ ಬಿದ್ದಿವೆ."

ಮುದುಕರು ಕಲ್ಲನ್ನು ಬೆರಳಲ್ಲಿ ತಿರುಗಿಸಿದರು. ಜಗಲಿ ಗುಡಿಸುವವನು ಯಾರು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಮೊದಲು ತಂಗಿಯನ್ನು ಕರೆಸು" ಅಂದರು. "ನಾಳೆ ರಾಜರ ಮುಂದೆ ಅವನು ಇಲ್ಲ ಅಂತಾನೆ. ಅವನ ಬಾಯಿ ಜೇನು. ಅದಕ್ಕೇನು ಮಾಡ್ತೀ?"

"ಅದನ್ನು ಕುಂಬಾರರ ಮಗಳಿಗೆ ಬಿಡಿ" ಅಂದಳು ಸಂಕವ್ವ.

ಊರಿಗೆ ಗಾಡಿ ಕಳಿಸಿ, ಮುದ್ದಯ್ಯನಿಗೆ ತಿಳಿಯದ ಹಾಗೆ ಮಿಕ್ಕ ಶಿಷ್ಯರನ್ನೆಲ್ಲ ಆಲದ ಮರದಡಿ ಸೇರಿಸಿದಳು. "ನಾನು ಕಲ್ಲು ಇಟ್ಟಿದ್ದೆ. ಗುರುಗಳು ಎಸೆದರು ಅಂತ ಮುದ್ದಯ್ಯಣ್ಣ ಹೇಳಿದ. ಇನ್ನು ಯಾರಿಗೆ ಹಾಗೆ ಹೇಳಿದಾನೆ?" ಅವರಲ್ಲೊಬ್ಬ, ಮಂತ್ರಿಯ ಮಗ, ಮೆಲ್ಲಗೆ ಕೈ ಎತ್ತಿದ. ಅವನನ್ನು ನೋಡಿ ಇನ್ನೊಬ್ಬ. ಕಡೆಗೆ ನಲವತ್ತೂ ಕೈ ಮೇಲೆದ್ದವು. ತಮ್ಮೊಬ್ಬರದೇ ಕಲ್ಲು ಎಸೆದರು ಅಂತ ಪ್ರತಿಯೊಬ್ಬರೂ ಮೂರು ವರ್ಷ ಒಳಗೊಳಗೇ ಬೆಂದಿದ್ದರು. ಪಕ್ಕದಲ್ಲೇ ಮಲಗುವವನಿಗೂ ಹೇಳಿರಲಿಲ್ಲ. ಎಂಥಾ ಜಾಣರು!

ಮರುದಿನ ಬೆಳಿಗ್ಗೆ ನಲವತ್ತು ಜನರೂ ಜಗಲಿಯ ಮೇಲೆ ಕಲ್ಲು ಇಟ್ಟರು. ಇಡುವ ಮುಂಚೆ ಒಂದೊಂದನ್ನೂ ಸಂಕವ್ವನ ಕುಡಿಕೆಯಲ್ಲಿ ಅದ್ದಿದರು. ಕುಡಿಕೆಯಲ್ಲಿ ಇದ್ದದ್ದು ಮಡಕೆಗೆ ಬಳಿಯುವ ಕೆಮ್ಮಣ್ಣಿನ ಗಟ್ಟಿ ಬಣ್ಣ. ಹತ್ತಿದರೆ ಎರಡು ದಿನ ಹೋಗುವುದಿಲ್ಲ.

ಮುದ್ದಯ್ಯ ಬಂದ, ಕಲ್ಲಿನ ರಾಶಿ ನೋಡಿದ, ಬೆಚ್ಚಿಬಿದ್ದ. ಬೀದಿಯಲ್ಲಿ ರಾಜರ ಕಹಳೆ ಕೇಳುತ್ತಿತ್ತು. ಎರಡೂ ಕೈಯಲ್ಲಿ ಬಾಚಿ ಬಾಚಿ ಹಿತ್ತಲಿಗೆ ಸುರಿದು ಬಂದ. ಕೈ ನೋಡಿಕೊಂಡ. ಕೆಂಪು! ತೊಳೆದ, ಹೋಗಲಿಲ್ಲ. ಉಜ್ಜಿದ, ಹೋಗಲಿಲ್ಲ. ಉತ್ತರೀಯದಲ್ಲಿ ಮುಚ್ಚಿಕೊಂಡು ಬಂದು ನಿಂತ.

ಗುರುಗಳನ್ನು ಮಂಚದ ಸಮೇತ ಹೊರಗೆ ತಂದಿದ್ದರು. ರಾಜ ಕೇಳಿದ, "ಏನಪ್ಪಾ ಮುದ್ದಯ್ಯ, ಶಿಷ್ಯರ ಸಂದೇಹ ಎಲ್ಲಾ ತೀರಿದೆಯೇ?"

"ಸಂದೇಹವೇ ಇಲ್ಲ ಪ್ರಭು. ಮೂರು ವರ್ಷದಿಂದ ಜಗಲಿಗೆ ಒಂದು ಕಲ್ಲೂ ಬಂದಿಲ್ಲ."

"ಇವತ್ತು?"

"ಇವತ್ತೂ ಇಲ್ಲ. ನಾನೇ ಗುಡಿಸಿದೆನಲ್ಲ."

ಸಂಕವ್ವ ಮುಂದೆ ಬಂದಳು. "ಮುದ್ದಯ್ಯಣ್ಣಾ, ಪ್ರಭುಗಳು ಶಾಲು ಕೊಡಲು ನಿಂತಿದ್ದಾರೆ. ಎರಡೂ ಕೈ ಚಾಚಿ ತೆಗೆದುಕೋ."

ಮುದ್ದಯ್ಯ ಕದಲಲಿಲ್ಲ. ರಾಜನ ಮುಂದೆ ಎಷ್ಟು ಹೊತ್ತು ಕೈ ಮುಚ್ಚಿಕೊಂಡು ನಿಲ್ಲುತ್ತಾನೆ? ಚಾಚಿದ. ಮೊಣಕೈವರೆಗೆ ಕೆಂಪು.

"ಔಷಧಿ ಅರೆದೆ ಪ್ರಭು" ಅಂತ ತೊದಲಿದ.

ಆಗ ನಲವತ್ತು ಶಿಷ್ಯರೂ ಅಂಗೈ ಎತ್ತಿ ತೋರಿಸಿದರು. ಎಲ್ಲಾ ಅಂಗೈಯೂ ಅದೇ ಕೆಂಪು. "ನಾವು ಇಟ್ಟ ಕಲ್ಲಿನ ಬಣ್ಣ ಪ್ರಭು" ಅಂದಳು ಸಂಕವ್ವ.

ಮುದ್ದಯ್ಯನ ಮುಖ ನೋಡಬೇಕಿತ್ತು! ಮೀಸೆಯ ಎಣ್ಣೆ ಬೆವರಾಗಿ ಇಳಿಯಿತು. ರಾಜ ಅವನ ಹೆಗಲಿನ ಹಳೆಯ ಶಾಲನ್ನೂ ಕಿತ್ತುಕೊಂಡು, ಗುಂಡಿಯ ಕಲ್ಲುಗಳನ್ನೆಲ್ಲ ಒಂದೊಂದಾಗಿ ತೊಳೆದು ಜಗಲಿಗೆ ತಂದಿಡುವಂತೆ ಮಾಡಿದ. ಆಮೇಲೆ ರಾಜ್ಯ ಬಿಟ್ಟು ಓಡಿಸಿದ. ಹೋಗುವಾಗ ಅಡುಗೆಮನೆಯ ಬಾಗಿಲು ತಟ್ಟಿದನಂತೆ. ಗಂಗಕ್ಕ ಒಳಗಿನಿಂದ ಚಿಲಕ ಹಾಕಿಕೊಂಡಳಂತೆ.

ಎಲ್ಲರೂ ನಕ್ಕರು. ಸಂಕವ್ವ ನಗಲಿಲ್ಲ. ಬಾಗಿಲಲ್ಲಿ ಊರಿನ ಗಾಡಿ ನಿಂತಿತ್ತು. ಹೊನ್ನಿ ಇಳಿದು ಕುಂಟುತ್ತಾ ಬರುತ್ತಿದ್ದಳು. ಎತ್ತರವಾಗಿದ್ದಳು, ಸೀರೆ ಉಟ್ಟಿದ್ದಳು.

ಗುರುಗಳು ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕಣ್ಣು ಮುಚ್ಚಿ ಬೆರಳಾಡಿಸಿದರು. ಒಮ್ಮೆ ಮೇಲಿನಿಂದ ಕೆಳಗೆ, ಒಮ್ಮೆ ಕೆಳಗಿನಿಂದ ಮೇಲೆ, ಇನ್ನೊಮ್ಮೆ ಮೇಲಿನಿಂದ ಕೆಳಗೆ.

"ಎಷ್ಟು ವರ್ಷ ಮಗಳೇ ನಿನಗೆ?"

"ಹದಿನೈದು ನಡೀತಿದೆ ಅಜ್ಜಾ."

"ಮೂಳೆ ಬಲಿತುಬಿಟ್ಟಿದೆ ಸಂಕವ್ವಾ" ಅಂದರು ಗುರುಗಳು. "ಈಗ ಮುರಿದರೆ ಕೂಡುವುದಿಲ್ಲ. ನೀನು ಬಂದ ವರ್ಷ ಆಗಿದ್ದರೆ ಮೂರು ತಿಂಗಳ ಕಟ್ಟು. ಅಷ್ಟೇ ಕೆಲಸ."

ಸಂಕವ್ವ ನೆಲಕ್ಕೆ ಕುಸಿದಳು. "ಅಂಗಳದಲ್ಲಿ ನೀವೇ ಕೇಳಿದಿರಿ. ನಾನು ಬಾಯಿ ಬಿಡಲಿಲ್ಲ. ಮುದ್ದಯ್ಯ ಇರಲಿಲ್ಲ ಗುರುಗಳೇ, ಅವತ್ತು ಅಲ್ಲಿ ನಾನೇ ಇದ್ದೆ."

"ನಾನೂ ಇದ್ದೆನಲ್ಲ" ಅಂದರು ಮುದುಕರು. ಅವರ ಕಣ್ಣಲ್ಲೂ ನೀರು. "ನಿನ್ನ ದನಿ ನಡುಗಿದ್ದು ನನಗೆ ಕೇಳಿಸಿತ್ತು. ಇನ್ನೊಂದು ಸಲ ಕೇಳಬೇಕಿತ್ತು. ನನಗೂ ಬಿಂಕ. ನನ್ನನ್ನು ನೋಡಿ ನಗುವವರನ್ನು ನಾನು ಯಾಕೆ ಕೇಳಲಿ ಅಂತ ಹೋದೆ."

ಹೊನ್ನಿ ಅಕ್ಕನನ್ನು ನೋಡಿದಳು, ಅಜ್ಜನನ್ನು ನೋಡಿದಳು. "ಅಳಬೇಡಿ ಅಜ್ಜಾ. ಅಕ್ಕಾ, ಏಳೇ. ಇದೇ ಕಾಲಲ್ಲಿ ನಿನಗಿಂತ ಮುಂಚೆ ಬಾವಿಗೆ ಹೋಗಿ ಬರ್ತೀನಿ, ಪಂದ್ಯ ಕಟ್ಟು" ಅಂದಳು. ಅಂದು, ಯಾರಿಗೂ ಕಾಣದ ಹಾಗೆ ಸೆರಗಿನಿಂದ ಕಾಲು ಮುಚ್ಚಿಕೊಂಡಳು.

ಗುರುಗಳು ಆಮೇಲೆ ಬದುಕಿದ್ದು ಹನ್ನೊಂದು ದಿನ. ಜಗಲಿಯ ಮೇಲೆ ಮುನ್ನೂರಕ್ಕೂ ಮಿಕ್ಕಿ ಕಲ್ಲು. ಮಂಚದಲ್ಲೇ ಮಲಗಿ ಒಂದೊಂದನ್ನೇ ಕೈಗೆ ತೆಗೆದುಕೊಂಡು, "ಇದು ಯಾರದು?" ಅಂತ ಕೇಳುತ್ತಿದ್ದರು. ಇಟ್ಟವರು ಮುಂದೆ ಬಂದು, ಹೆಸರು ಹೇಳಿ, ತಿಳಿಯದ್ದೇನು ಅದನ್ನಷ್ಟೇ ಹೇಳುತ್ತಿದ್ದರು. ಎಷ್ಟೋ ಜನಕ್ಕೆ ತಮ್ಮ ಸಂದೇಹ ಏನಿತ್ತು ಅನ್ನುವುದೇ ಮರೆತುಹೋಗಿತ್ತು. ನೂರಿಪ್ಪತ್ತು ಕಲ್ಲಿಗೆ ಉತ್ತರ ಸಿಕ್ಕಿತು, ಮೊದಲನೆಯದು ಸಂಕವ್ವನ ಕಪ್ಪು ಕಲ್ಲಿಗೆ. ಹನ್ನೆರಡನೇ ದಿನ ಬೆಳಿಗ್ಗೆ ಕರೆಯುವ ದನಿ ಬರಲಿಲ್ಲ. ಮಿಕ್ಕ ಉತ್ತರಗಳು ಅವರ ಜೊತೆಗೇ ಹೋದವು.

ಗುರುಪೀಠ ಸಂಕವ್ವನಿಗೆ ಬಂತು. ಎಷ್ಟೋ ಮಕ್ಕಳ ಸೊಟ್ಟಗೆ ಕೂಡಿದ ಕಾಲನ್ನು ಅವಳು ನೆಟ್ಟಗೆ ಮಾಡಿದಳು. ಆ ಮಕ್ಕಳು ಅಂಗಳದಲ್ಲಿ ಓಡುವಾಗ ಮಾತ್ರ ಒಳಗೆ ಹೋಗಿಬಿಡುತ್ತಿದ್ದಳು. ಜಗಲಿಯನ್ನು ತಾನೇ ಗುಡಿಸುತ್ತಿದ್ದಳು.

ಕೇಳಿದಿರಲ್ಲ ಮಕ್ಕಳೇ. ಕಲಿಸುವವರ ಹುಬ್ಬು ನೋಡಿ ಹೆದರಬೇಡಿ. ನಡುವಿನವರ ಕೈಯಲ್ಲಿ ಮಾತು ಕಳಿಸಬೇಡಿ. ಹೊಗಳಿಕೆಯಲ್ಲಿ ಸುತ್ತಿ ವಿಷಯ ಮರೆಯಬೇಡಿ. ತಿಳಿಯದ್ದನ್ನು, ತಿಳಿದವರನ್ನೇ, ನಿಮ್ಮ ಬಾಯಿಂದಲೇ, ಹೊತ್ತು ಮೀರುವ ಮುಂಚೆ ಕೇಳಿ. ಕಲಿಸುವವರೂ ಒಂದು ಸಲ ಕೇಳಿ ಸುಮ್ಮನಾಗಬಾರದು. ಸುಳ್ಳು ಹೇಳಿದವನನ್ನು ಓಡಿಸಬಹುದು. ಕಳೆದುಹೋದ ಮೂರು ವರ್ಷವನ್ನು ಯಾವ ರಾಜನೂ ವಾಪಸು ತಂದುಕೊಡಲಾರ.