ಎಂಜಲಾಗದ ಚಮಚ

ಒಂದು ಅಂಗಳ. ಅಂಗಳದ ಸುತ್ತ ನಾಲ್ಕು ಬಾಗಿಲು. ಮೊದಲನೇ ಬಾಗಿಲಿನ ಮನೆಯಲ್ಲಿ ಪಾರಿ ಇದ್ದಳು. ಪಾರಿಗೆ ಎರಡು ವರ್ಷ, ಮೇಲೆ ಮೂರು ತಿಂಗಳು. ಹಲ್ಲು ಹದಿನಾರು.

ಪಾರಿಗೆ ಒಂದು ಪುಟ್ಟ ಚಮಚ ಇತ್ತು. ಗಿಡ್ಡ ಹಿಡಿ. ದುಂಡು ಬಾಯಿ. ಹೊಚ್ಚ ಹೊಸದು. ಅದು ಇನ್ನೂ ಯಾರ ಬಾಯಿಗೂ ಹೋಗಿರಲಿಲ್ಲ. ಯಾಕೆ? ದಿನಾ ಅಜ್ಜಿಯೇ ಕೈಯಲ್ಲಿ ತಿನ್ನಿಸುತ್ತಿದ್ದಳು. ಪಾರಿ ಚೆಲ್ಲುತ್ತಾಳೆ ಅಂತ ಅಜ್ಜಿಗೆ ಅನುಮಾನ.

ಅವತ್ತು ಬೆಳಿಗ್ಗೆ ಅಜ್ಜಿ ಬಟ್ಟಲಿಗೆ ರಾಗಿ ಗಂಜಿ ಬಡಿಸಿದಳು. ಹಬೆ ಎದ್ದಿತು. ಅಜ್ಜಿ ಕೈ ಚಾಚಿದಳು. ಪಾರಿ ಬಾಯಿ ಮುಚ್ಚಿದಳು.

"ನಾನೇ ತಿಂತೀನಿ," ಅಂದಳು.

ಗೋಡೆಯ ಗೂಡಿನಲ್ಲಿ ನೋಡಿದಳು. ಚಮಚ ಇಲ್ಲ. ತಟ್ಟೆ ಎತ್ತಿ ನೋಡಿದಳು. ಚಮಚ ಇಲ್ಲ. ಚಾಪೆ ಎತ್ತಿ ನೋಡಿದಳು. ಚಮಚ ಇಲ್ಲ.

ಪಾರಿಗೆ ಅನುಮಾನ ಬಂತು. ಕಣ್ಣು ಕಿರಿದು ಮಾಡಿದಳು. ಬೆರಳು ಉದ್ದ ಮಾಡಿದಳು. ಅಜ್ಜಿಯ ಹೊಟ್ಟೆಗೆ ತೋರಿಸಿದಳು.

"ನೀನೇ ತಗೊಂಡೆ."

ಅಜ್ಜಿ ಹೌದು ಅಂದಳು. ಪಾರಿಯ ಚಮಚ ತುಪ್ಪದ ಜಾಡಿಯಲ್ಲಿತ್ತು. ಬಾಯಿಗೆ ಹೋದ ಚಮಚ ಎಂಜಲು. ಎಂಜಲು ಚಮಚವನ್ನು ತುಪ್ಪಕ್ಕೆ ಹಾಕಬಾರದು. ಮನೆಯಲ್ಲಿ ಎಂಜಲಾಗದ ಚಮಚ ಅದೊಂದೇ. ಮತ್ತೆ ತುಪ್ಪದ ಚಮಚ ಎಲ್ಲಿ? ಅದನ್ನು ಎರಡನೇ ಬಾಗಿಲಿನ ವನಜತ್ತೆ ಇಸಕೊಂಡು ಹೋಗಿದ್ದಳು.

"ವನಜತ್ತೆ ನಂದು ಕೊಟ್ಟರೆ ನಾನು ನಿಂದು ಕೊಡ್ತೀನಿ," ಅಂದಳು ಅಜ್ಜಿ. "ಗಂಜಿ ಆರೋದ್ರೊಳಗೆ ಬಾ. ಆರಿಹೋದರೆ ನಾನೇ ತಿನ್ನಿಸ್ತೀನಿ, ನೋಡು."

ವನಜತ್ತೆ ಕೊಟ್ಟರೆ ಅಜ್ಜಿ ಕೊಡ್ತಾಳೆ. ಅಜ್ಜಿ ಕೊಟ್ಟರೆ ಪಾರಿ ತಾನೇ ತಿಂತಾಳೆ.

ಪಾರಿ ಹೊರಟಳು. ದಪ ದಪ ದಪ. ಎರಡನೇ ಬಾಗಿಲು.

ವನಜತ್ತೆ ಕಾಫಿ ಸೋಸುತ್ತಿದ್ದಳು. ಪಾರಿ ಕಣ್ಣು ಕಿರಿದು ಮಾಡಿದಳು. ಬೆರಳು ಉದ್ದ ಮಾಡಿದಳು. ವನಜತ್ತೆಯ ಹೊಟ್ಟೆಗೆ ತೋರಿಸಿದಳು.

"ನೀನೇ ತಗೊಂಡೆ."

ವನಜತ್ತೆ ಹೌದು ಅಂದಳು. ಅಜ್ಜಿಯ ಚಮಚ ಕಾಫಿ ಪುಡಿ ಡಬ್ಬದಲ್ಲಿತ್ತು. ಮತ್ತೆ ಕಾಫಿ ಚಮಚ ಎಲ್ಲಿ? ಅದನ್ನು ಮೂರನೇ ಬಾಗಿಲಿನ ರಾಚಪ್ಪ ತಾತ ಇಸಕೊಂಡು ಹೋಗಿದ್ದ.

"ನಿಮ್ಮಜ್ಜಿ ಬೇಹುಗಾರಿಕೆಗೆ ನಿನ್ನ ಕಳಿಸಿದಳಾ?" ಅಂದಳು ವನಜತ್ತೆ. "ಮೊದಲು ನಂದು ನನ್ನ ಕೈಗೆ ಬರಲಿ."

ತಾತ ಕೊಟ್ಟರೆ ವನಜತ್ತೆ ಕೊಡ್ತಾಳೆ. ವನಜತ್ತೆ ಕೊಟ್ಟರೆ ಅಜ್ಜಿ ಕೊಡ್ತಾಳೆ. ಅಜ್ಜಿ ಕೊಟ್ಟರೆ ಪಾರಿ ತಾನೇ ತಿಂತಾಳೆ.

ಗಂಜಿಯ ಹಬೆ ತೆಳುವಾಯಿತು.

ಪಾರಿ ಹೊರಟಳು. ದಪ ದಪ ದಪ. ಮೂರನೇ ಬಾಗಿಲು.

ರಾಚಪ್ಪ ತಾತ ಖೊಕ್ ಖೊಕ್ ಕೆಮ್ಮುತ್ತಿದ್ದ. ಪಾರಿ ಕಣ್ಣು ಕಿರಿದು ಮಾಡಿದಳು. ಬೆರಳು ಉದ್ದ ಮಾಡಿದಳು. ತಾತನ ಹೊಟ್ಟೆಗೆ ತೋರಿಸಿದಳು.

"ನೀನೇ ತಗೊಂಡೆ."

ತಾತ ಹೌದು ಅಂದ. ವನಜತ್ತೆಯ ಚಮಚ ಜೇನಿನ ಶೀಶೆಯಲ್ಲಿತ್ತು. ಮತ್ತೆ ಜೇನಿನ ಚಮಚ ಎಲ್ಲಿ? ಅದನ್ನು ನಾಲ್ಕನೇ ಬಾಗಿಲಿನ ದೇವೀರಮ್ಮ ಇಸಕೊಂಡು ಹೋಗಿದ್ದಳು. ಒಂದು ಗಳಿಗೆ ಅಂದವಳು ಇನ್ನೂ ಕೊಟ್ಟಿಲ್ಲ, ಈ ಅಂಗಳದಲ್ಲಿ ಯಾರನ್ನೂ ನಂಬೋ ಹಾಗಿಲ್ಲ ಅಂತ ತಾತ ಗೊಣಗಿದ. ಜೇನಿನ ಶೀಶೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ದೇವೀರಮ್ಮ ಕೊಟ್ಟರೆ ತಾತ ಕೊಡ್ತಾನೆ. ತಾತ ಕೊಟ್ಟರೆ ವನಜತ್ತೆ ಕೊಡ್ತಾಳೆ. ವನಜತ್ತೆ ಕೊಟ್ಟರೆ ಅಜ್ಜಿ ಕೊಡ್ತಾಳೆ. ಅಜ್ಜಿ ಕೊಟ್ಟರೆ ಪಾರಿ ತಾನೇ ತಿಂತಾಳೆ.

ಗಂಜಿಯ ಹಬೆ ನಿಂತೇಹೋಯಿತು.

ಪಾರಿ ಹೊರಟಳು. ದಪ ದಪ ದಪ. ನಾಲ್ಕನೇ ಬಾಗಿಲು.

ದೇವೀರಮ್ಮ ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುತ್ತಿದ್ದಳು. ಪಾರಿ ಕಣ್ಣು ಕಿರಿದು ಮಾಡಿದಳು. ಬೆರಳು ಉದ್ದ ಮಾಡಿದಳು. ದೇವೀರಮ್ಮನ ಹೊಟ್ಟೆಗೆ ತೋರಿಸಿದಳು.

"ನೀನೇ ತಗೊಂಡೆ."

ದೇವೀರಮ್ಮ ಹೌದು ಅಂದಳು. ತಾತನ ಚಮಚ ಉಪ್ಪಿನಕಾಯಿ ಜಾಡಿಯಲ್ಲಿತ್ತು. ಮತ್ತೆ ಉಪ್ಪಿನಕಾಯಿಯ ಮರದ ಚಮಚ ಎಲ್ಲಿ?

ಅದನ್ನು ಯಾರೂ ಇಸಕೊಂಡಿರಲಿಲ್ಲ. ನಿನ್ನೆ ದೇವೀರಮ್ಮ ಅದನ್ನು ತೊಳೆದಿದ್ದಳು. ಅಂಗಳದ ಕಲ್ಲಿನ ಮೇಲೆ ಬಿಸಿಲಿಗೆ ಇಟ್ಟಿದ್ದಳು. ಬಂದು ನೋಡಿದರೆ ಕಲ್ಲು ಇತ್ತು, ಬಿಸಿಲು ಇತ್ತು, ಚಮಚ ಇರಲಿಲ್ಲ.

ಅಷ್ಟರಲ್ಲಿ ತಾತ ಬಂದ. ವನಜತ್ತೆ ಬಂದಳು. ಅಜ್ಜಿ ಗಂಜಿ ಬಟ್ಟಲು ಹಿಡಿದುಕೊಂಡೇ ಬಂದಳು. ತಾತ ವನಜತ್ತೆಯನ್ನು ನೋಡಿದ. ವನಜತ್ತೆ ಅಜ್ಜಿಯನ್ನು ನೋಡಿದಳು. ಅಜ್ಜಿ ದೇವೀರಮ್ಮನನ್ನು ನೋಡಿದಳು. ದೇವೀರಮ್ಮ ಅಂಗಳದ ನಾಯಿಯನ್ನು ನೋಡಿದಳು. ನಾಯಿಯ ಹೆಸರು ಕೆಂಚ. ಕೆಂಚ ಮಲ್ಲಿಗೆ ಗಿಡದ ಬುಡದಲ್ಲಿ ಮಲಗಿತ್ತು.

"ಅದರದ್ದೇ ಕೆಲಸ," ಅಂದಳು ದೇವೀರಮ್ಮ. "ನಾಯಿ ಬಾಯಿ ಹಾಕಿದ್ದರೆ ಆ ಚಮಚ ಒಲೆಗೇ. ಆಮೇಲೆ ಯಾರಿಗೂ ಏನೂ ಇಲ್ಲ."

ಕೆಂಚ ಕೊಟ್ಟರೆ ದೇವೀರಮ್ಮ ಕೊಡ್ತಾಳೆ. ದೇವೀರಮ್ಮ ಕೊಟ್ಟರೆ ತಾತ ಕೊಡ್ತಾನೆ. ತಾತ ಕೊಟ್ಟರೆ ವನಜತ್ತೆ ಕೊಡ್ತಾಳೆ. ವನಜತ್ತೆ ಕೊಟ್ಟರೆ ಅಜ್ಜಿ ಕೊಡ್ತಾಳೆ. ಅಜ್ಜಿ ಕೊಟ್ಟರೆ ಪಾರಿ ತಾನೇ ತಿಂತಾಳೆ.

ಗಂಜಿಯ ಮೇಲೆ ಕೆನೆ ಕಟ್ಟಿತು. ಅಜ್ಜಿ ಬಟ್ಟಲು ಮುಟ್ಟಿ ನೋಡಿದಳು. ಇನ್ನು ಸ್ವಲ್ಪವೇ ಬಿಸಿ.

ಪಾರಿ ಹೊರಟಳು. ದಪ ದಪ ದಪ. ಮಲ್ಲಿಗೆ ಗಿಡ.

ಪಾರಿ ಕಣ್ಣು ಕಿರಿದು ಮಾಡಿದಳು. ಬೆರಳು ಉದ್ದ ಮಾಡಿದಳು. ಕೆಂಚನ ಹೊಟ್ಟೆಗೆ ತೋರಿಸಿದಳು.

"ನೀನೇ ತಗೊಂಡೆ."

ಕೆಂಚ ಆಕಳಿಸಿತು. ಎದ್ದಿತು. ಮೈ ಕೊಡವಿತು. ಆಚೆ ಹೋಗಿ ಮಲಗಿತು.

ಅದು ಮಲಗಿದ್ದ ಜಾಗದಲ್ಲಿ ಮಣ್ಣಿತ್ತು. ಮಣ್ಣಿನಲ್ಲಿ ಒಂದು ಹಿಡಿ ಕಾಣುತ್ತಿತ್ತು. ಮರದ ಹಿಡಿ.

ಪಾರಿಗೆ ನೆನಪಾಯಿತು. ನಿನ್ನೆ ಮಲ್ಲಿಗೆ ಗಿಡಕ್ಕೆ ಹಸಿವಾಗಿತ್ತು. ಯಾರೋ ಅದಕ್ಕೆ ಮಣ್ಣು ತಿನ್ನಿಸಿದ್ದರು. ಒಂದು ಚಮಚ. ಇನ್ನೊಂದು ಚಮಚ. ಮತ್ತೊಂದು ಚಮಚ. ಒಂದು ಚೂರೂ ಚೆಲ್ಲದೆ ತಿನ್ನಿಸಿದ್ದರು.

ಎಲ್ಲರೂ ಪಾರಿಯನ್ನೇ ನೋಡಿದರು. ಪಾರಿಯ ಬೆರಳು ಮೆಲ್ಲಗೆ ತಿರುಗಿತು. ತಿರುಗಿ ತಿರುಗಿ ಪಾರಿಯ ಹೊಟ್ಟೆಗೇ ಬಂತು.

"ನಾನೇ ತಗೊಂಡೆ," ಅಂದಳು ಪಾರಿ.

ಯಾರೂ ಬೈಯಲಿಲ್ಲ. ದೇವೀರಮ್ಮ ಮರದ ಚಮಚವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹಲ್ಲಿನ ಗುರುತಿಲ್ಲ. ಬರೀ ಮಣ್ಣು. ಬಿಸಿನೀರಿನಲ್ಲಿ ತೊಳೆದಳು. ಒಲೆಯ ಹತ್ತಿರ ಹಿಡಿದು ಒಣಗಿಸಿದಳು.

ಪಾರಿ ಕೊಟ್ಟಳು, ದೇವೀರಮ್ಮ ಕೊಟ್ಟಳು. ತಾತ ಚಮಚ ಮೂಸಿದ. ಖಾರದ ವಾಸನೆ ಇದೆಯೋ? ಮತ್ತೆ ತೊಳೆದ.

ದೇವೀರಮ್ಮ ಕೊಟ್ಟಳು, ತಾತ ಕೊಟ್ಟ. ವನಜತ್ತೆ ಚಮಚ ಮುಟ್ಟಿದಳು. ಅಂಟು ಇದೆಯೋ? ಮತ್ತೆ ತೊಳೆದಳು.

ತಾತ ಕೊಟ್ಟ, ವನಜತ್ತೆ ಕೊಟ್ಟಳು. ಅಜ್ಜಿ ಚಮಚ ಮೂಸಿದಳು. ಕಾಫಿ ಘಮ ಇದೆಯೋ? ಮತ್ತೆ ತೊಳೆದಳು.

ವನಜತ್ತೆ ಕೊಟ್ಟಳು, ಅಜ್ಜಿ ಕೊಟ್ಟಳು. ಪಾರಿ ಚಮಚ ಮೂಸಿದಳು. ತುಪ್ಪದ ಘಮ ಇತ್ತು. ಪಾರಿ ತೊಳೆಯಲಿಲ್ಲ.

ಗಂಜಿ ಬೆಚ್ಚಗಿತ್ತು. ಆರಿರಲಿಲ್ಲ.

ನಾಲ್ಕು ಬಾಗಿಲಿನವರೂ ಸುತ್ತ ಕೂತರು. ಚೆಲ್ಲುತ್ತಾಳೆ ಅಂತ ನಾಲ್ವರಿಗೂ ಅನುಮಾನ. ಕೆಂಚನಿಗೆ ಮಾತ್ರ ಆಸೆ.

ಮೊದಲನೇ ಚಮಚ ಕೆನ್ನೆಗೆ ಹೋಯಿತು. ಅಜ್ಜಿ ಕೈ ಚಾಚಿದಳು, ಹಾಗೇ ಹಿಂದಕ್ಕೆ ಎಳೆದುಕೊಂಡಳು. ಎರಡನೇ ಚಮಚ ಮೂಗಿಗೆ ಹೋಯಿತು. ಮೂರನೇ ಚಮಚ ಬಾಯಿಗೆ ಹೋಯಿತು. ಪೂರ್ತಿ ಒಳಗೆ.

ಪಾರಿ ನುಂಗಿದಳು. ಆಮೇಲೆ ಒಬ್ಬೊಬ್ಬರನ್ನೇ ನೋಡಿದಳು. ಅಜ್ಜಿಯನ್ನು ನೋಡಿದಳು. ವನಜತ್ತೆಯನ್ನು ನೋಡಿದಳು. ತಾತನನ್ನು ನೋಡಿದಳು. ದೇವೀರಮ್ಮನನ್ನು ನೋಡಿದಳು. ಕಣ್ಣು ಕಿರಿದು ಮಾಡಿದಳು.

ಚಮಚದ ಮುಂಭಾಗ ನೆಕ್ಕಿದಳು. ಚಮಚದ ಹಿಂಭಾಗ ನೆಕ್ಕಿದಳು. ಗಿಡ್ಡ ಹಿಡಿಯನ್ನೂ ತುದಿಯವರೆಗೆ ನೆಕ್ಕಿದಳು.

"ಎಂಜಲು," ಅಂದಳು.

ಇನ್ನು ಅದು ತುಪ್ಪಕ್ಕೂ ಬೇಡ, ಕಾಫಿ ಪುಡಿಗೂ ಬೇಡ, ಜೇನಿಗೂ ಬೇಡ, ಉಪ್ಪಿನಕಾಯಿಗೂ ಬೇಡ. ಪಾರಿಗೆ ಮಾತ್ರ ಬೇಕು.

ಬಟ್ಟಲು ಬರಿದಾಯಿತು. ಕಥೆಯೂ ಬರಿದಾಯಿತು. ಬಾಯಿ ಒರೆಸಿಕೊಳ್ಳಿ.